ಗುರಾಣಿಗೆ ಕಲಾಯಿ

ಸಿರುಗುಪ್ಪದ ಬಸ್ಸು ಬಳ್ಳಾರಿಯ ನಿಲ್ದಾಣದಿಂದ ಇನ್ನೂ ಹೊರಟೇ ಇರಲಿಲ್ಲ. ಗಾದಿಲಿಂಗಪ್ಪ ತಾನು ಅಲ್ಲಿ ಹೋಗಿ ಆಡಬೇಕಾದ ಮಾತನ್ನು ಆಗಲೇ ಏಳು ಸಲ ತಿದ್ದಿ ಮುಗಿಸಿದ್ದ. ‘ನನ್ನಿಂದ ತಪ್ಪಾಗಿದೆ ಸಲಾವುದ್ದೀನ್’ ಎಂದರೆ ಸರ್ಕಾರಿ ಪತ್ರದ ಧಾಟಿ, ತಪ್ಪು ತನ್ನಷ್ಟಕ್ಕೆ ತಾನೇ ಬಂದು ಆಗಿಹೋದ ಹಾಗೆ. ‘ನಾನು ನಿನಗೆ ಘೋರ ಅನ್ಯಾಯ ಮಾಡಿದೆ’ ಎಂದರೆ ಕಂಪನಿ ನಾಟಕ. ‘ಕ್ಷಮಿಸಪ್ಪ’ ಎಂದು ಒಂದೇ ಮಾತಿಗೆ ಮುಗಿಸಬಹುದಿತ್ತು, ಆದರೆ ಅದರಲ್ಲಿ ಮೇಷ್ಟರು ಹುಡುಗನ ಬೆನ್ನು ತಟ್ಟುವ ದನಿಯಿತ್ತು. ಮೂವತ್ತಮೂರು ವರ್ಷ ಕಾಲೇಜಿನಲ್ಲಿ ಕನ್ನಡ ಕಲಿಸಿದವನಿಗೆ ಅರವತ್ತೆಂಟನೆಯ ವಯಸ್ಸಿನಲ್ಲಿ ಒಂದು ವಾಕ್ಯ ಕೂಡಿಬರಲೊಲ್ಲದು. ಬೆಳಿಗ್ಗೆ ಹೆಂಡತಿ ಚನ್ನವೀರಮ್ಮ, “ಸಿರುಗುಪ್ಪದಾಗ ಏನೈತ್ರಿ ನಿಮಗ?” ಎಂದಾಗ ಹಳೆಯ ಶಿಷ್ಯನೊಬ್ಬನ ಮನೆ ಎಂದಿದ್ದ. “ಶಿಷ್ಯರು ಗುರುಗಳನ್ನ ನೋಡಾಕ ಬರೋದು ಕೇಳೀನಿ, ಇದೊಂದು ಹೊಸಾದು ನೋಡ್ರಿ” ಎಂದು ಅವಳು ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದ ಅವನನ್ನು ಕನ್ನಡಿಯಲ್ಲೇ ನೋಡಿ ನಕ್ಕಿದ್ದಳು. ಅವನಿಗೆ ಆ ನಗು ಸೇರಲಿಲ್ಲ, ಕಾಫಿ ಅರ್ಧಕ್ಕೆ ಬಿಟ್ಟು ಎದ್ದಿದ್ದ.

ಬಗಲಚೀಲದಲ್ಲಿ ಎರಡು ವಸ್ತು ಇದ್ದವು. ಒಂದು, ಅವನೇ ಬರೆದ ಪುಸ್ತಕ. ಗ್ರೀಕರ ಯುದ್ಧಕಾವ್ಯವನ್ನು ಕನ್ನಡದ ಸರಳ ಗದ್ಯದಲ್ಲಿ ಹೇಳಿದ ಪುಸ್ತಕ. ನಮ್ಮ ಜನರ ನಾಲಿಗೆ ತಿರುಗದ ಹೆಸರುಗಳು ಬೇಡವೆಂದು ಅದರಲ್ಲಿ ಎಲ್ಲರನ್ನೂ ಬಿರುದಿನಿಂದಲೇ ಕರೆದಿದ್ದ. ಚುರುಕುಗಾಲಿನ ವೀರ, ಕುದುರೆ ಪಳಗಿಸುವ ರಾಜಕುಮಾರ, ಕಡಲ ತಾಯಿ, ಕುಂಟ ಕಮ್ಮಾರ ದೇವರು. ಆ ಪ್ರಾಚೀನ ಕವಿಗಳಿಗೆ ಇದೊಂದು ಚಟ, ಒಬ್ಬನ ಹೆಸರು ಬಂದಾಗೆಲ್ಲ ಬಿರುದು ಬಾಲದಂತೆ ಹಿಂದೆ ಬರಬೇಕು. ಪಾಠ ಹೇಳಿ ಹೇಳಿ ಗಾದಿಲಿಂಗಪ್ಪನಿಗೂ ಅದು ಅಂಟಿತ್ತು. ಈಗ ಬಸ್ಸಿನಲ್ಲೂ ‘ಸೀಟಿ ಕಚ್ಚಿದ ಕಂಡಕ್ಟರ್’, ‘ಮೂಟೆ ಅಪ್ಪಿದ ಮುದುಕಿ’ ಎಂದು ಮನಸ್ಸು ತಾನಾಗಿಯೇ ಹೆಸರಿಡುತ್ತ ಹೋಗುತ್ತಿತ್ತು. ತನಗೇನು ಬಿರುದು ಎಂದು ಯೋಚಿಸಿದರೆ ಮಾತ್ರ ಕಿಟಕಿಯಾಚೆ ನೋಡಬೇಕೆನಿಸುತ್ತಿತ್ತು. ಚೀಲದಲ್ಲಿದ್ದ ಇನ್ನೊಂದು ವಸ್ತು ಒಂದು ಹಾಳೆಯ ಅರ್ಜಿ. ಪುಸ್ತಕದ ಗುರಾಣಿ ಅಧ್ಯಾಯವನ್ನು ಪದವಿ ತರಗತಿಯ ಪಠ್ಯಕ್ಕೆ ಆರಿಸಿದ್ದರು. ‘ಈ ಬರಹ ನನ್ನ ಸ್ವಂತದ್ದು’ ಎಂದು ಸಹಿ ಮಾಡಿ ನಾಳೆಯೊಳಗೆ ಕೊಡಬೇಕಿತ್ತು. ಸಮಿತಿಯ ಹುಡುಗ ಫೋನಿನಲ್ಲಿ “ರೂಲ್ಸ್ ಸರ್, ಎಲ್ಲರ ಕಡೆಯಿಂದಲೂ ತಗೋತೀವಿ” ಎಂದಾಗ ಇವನು, “ಯಾಕೆ, ಯಾರಾದರೂ ಏನಾದರೂ ಅಂದರೇನು?” ಎಂದುಬಿಟ್ಟಿದ್ದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ. ಆ ಹುಡುಗ, “ಇಲ್ಲ ಸರ್, ಸುಮ್ಮನೆ ಫಾರ್ಮಾಲಿಟಿ” ಎಂದಿದ್ದ.

ಹೋದ ತಿಂಗಳು ಹುಟ್ಟೂರು ಕುರುಗೋಡಿನಲ್ಲಿ ಸನ್ಮಾನ ಮಾಡಿದಾಗಲೇ ಈ ಕಸಿವಿಸಿ ಶುರುವಾಗಿತ್ತು. ಗೆಳೆಯ ಯರ್ರಿಸ್ವಾಮಿ ಮೈಕಿನ ಮುಂದೆ ನಿಂತು ಗುರಾಣಿಯ ಅಧ್ಯಾಯವನ್ನೇ ಓದಿದ. ಗೆಳೆಯನನ್ನು ಕಳೆದುಕೊಂಡು, ತೊಡಲು ಕವಚವೂ ಇಲ್ಲದೆ ಕೂತ ಮಗನಿಗಾಗಿ ಕಡಲ ತಾಯಿ ಕುಂಟ ದೇವರ ಕುಲುಮೆಗೆ ಬರುತ್ತಾಳೆ. ಯುದ್ಧಕ್ಕೆ ಹೋದರೆ ಮಗ ಸಾಯುತ್ತಾನೆಂದು ಅವಳಿಗೂ ಗೊತ್ತು, ದೇವರಿಗೂ ಗೊತ್ತು. ಆದರೂ ಇಡೀ ರಾತ್ರಿ ಅವನು ಗುರಾಣಿ ಬಡಿಯುತ್ತಾನೆ. ಮೆಣಸಿನಕಾಯಿ ಮಾರಿ ನೇರ ಸಭೆಗೆ ಬಂದಿದ್ದ ರೈತರು ಕೆಮ್ಮುವುದನ್ನೂ ಬಿಟ್ಟು ಕೇಳಿದರು. ‘ಸಾಯುವವನಿಗೆ ಅಂತ ಕೆಲಸ ಕಳಪೆ ಮಾಡುವ ಹಾಗಿಲ್ಲ’ ಎಂಬ ಸಾಲು ಬಂದಾಗ ಚಪ್ಪಾಳೆ. ‘ತವರ ಬಿದ್ದ ಕೂಡಲೇ ಹತ್ತಿಯುಂಡೆಯಿಂದ ಒರೆಸಬೇಕು, ಒಂದು ಉಸಿರು ತಡವಾದರೆ ಕಪ್ಪು ನಿಲ್ಲುತ್ತದೆ, ದೇವರೂ ಅಲ್ಲಿ ಉಸಿರು ಕಟ್ಟಿಯೇ ನಿಂತಿರಬೇಕು’ ಎಂಬಲ್ಲಿ ಇನ್ನೊಂದು ಚಪ್ಪಾಳೆ. ಕೊನೆಯಲ್ಲಿ ‘ಬೆಂಕಿಯಲ್ಲಿ ಬೆಂದು ನೀರಿನಲ್ಲಿ ಮುಳುಗಿದ ತಾಮ್ರ ಕಲ್ಲಿನಷ್ಟು ಗಟ್ಟಿಯಾಯಿತು, ಮನುಷ್ಯನೂ ಹಾಗೆಯೇ’ ಎಂಬ ಸಾಲಿಗಂತೂ ಮುಂದಿನ ಸಾಲಿನ ಗಣ್ಯರು ತಲೆದೂಗಿದರು. ಶಾಲು ಹೊದ್ದು ಕೂತ ಗಾದಿಲಿಂಗಪ್ಪ ಆ ಸೆಕೆಯಲ್ಲಿ ಮನಸ್ಸಿನಲ್ಲೇ ವಿಂಗಡಿಸುತ್ತಿದ್ದ, ಯಾವ ಚಪ್ಪಾಳೆ ಯಾರದು ಎಂದು. ಗಣ್ಯರು ತಲೆದೂಗಿದ ಆ ಕೊನೆಯ ಸಾಲೊಂದು ಅವನದು. ಮಿಕ್ಕದ್ದೆಲ್ಲ ಸಲಾವುದ್ದೀನನದು.

ಇಪ್ಪತ್ತೆರಡು ವರ್ಷದ ಹಿಂದೆ, ಬಿ.ಎ. ಎರಡನೇ ವರ್ಷದ ಐಚ್ಛಿಕ ಕನ್ನಡದ ಹುಡುಗ, ಸಿರುಗುಪ್ಪದಲ್ಲಿ ತಾಮ್ರ ಹಿತ್ತಾಳೆಯ ಪಾತ್ರೆಗಳಿಗೆ ತವರದ ಕಲಾಯಿ ಹಾಕುವ ಸುಭಾನಸಾಬನ ಮಗ. ಕಾಲೇಜಿನ ಪರೀಕ್ಷೆಯಲ್ಲಿ ‘ಗುರಾಣಿಯ ವರ್ಣನೆಯ ಮಹತ್ವವನ್ನು ವಿವರಿಸಿ’ ಎಂಬ ಪ್ರಶ್ನೆಗೆ ನಾಲ್ಕು ಪುಟ ಬರೆದಿದ್ದ. ಗಾದಿಲಿಂಗಪ್ಪ ಹನ್ನೊಂದು ವರ್ಷದಿಂದ ಬರೆಸುತ್ತಿದ್ದ ಟಿಪ್ಪಣಿಯ ಒಂದಕ್ಷರವೂ ಆ ಉತ್ತರದಲ್ಲಿ ಇರಲಿಲ್ಲ. ಗುರಾಣಿಯಲ್ಲಿ ಎರಡು ಊರು, ಒಂದರಲ್ಲಿ ಮದುವೆ, ಒಂದರಲ್ಲಿ ಯುದ್ಧ, ಆದ್ದರಿಂದ ಇದು ಬದುಕಿನ ಸಮಗ್ರ ದರ್ಶನ ಎಂಬುದು ಮೇಷ್ಟರ ಟಿಪ್ಪಣಿ. ಹುಡುಗ ದರ್ಶನದ ಗೋಜಿಗೇ ಹೋಗಿರಲಿಲ್ಲ. ಕುಲುಮೆಯ ಮುಂದೆ ಹೋಗಿ ನಿಂತಿದ್ದ. ತಿದಿಯ ಗಾಳಿ ಎಷ್ಟಿರಬೇಕು, ದೇವರ ಕೈಯ ರೋಮ ಯಾಕೆ ಸುಟ್ಟಿರುತ್ತದೆ, ಸೊಂಟ ಯಾವಾಗ ಹಿಡಿಯುತ್ತದೆ. ಗಾದಿಲಿಂಗಪ್ಪ ಅದನ್ನು ಮೇಜಿನ ಮುಂದೆ ಕೂತು ಮೂರು ಸಲ ಓದಿದ್ದ. ಮೊದಲ ಸಲ ಖುಷಿಯಾಗಿತ್ತು, ಇದು ನಿಜ. ಮೂರನೆಯ ಸಲ ಓದುವ ಹೊತ್ತಿಗೆ ಆ ಖುಷಿ ಹುಳಿಯಾಗಿ, ತಾನು ಹನ್ನೊಂದು ವರ್ಷ ಆ ಕುಲುಮೆಯ ಹೊರಗೇ ನಿಂತಿದ್ದೆ ಎನಿಸಿ, ಮರುದಿನ ಪ್ರಿನ್ಸಿಪಾಲರ ಮುಂದೆ ಹಾಳೆಗಳನ್ನಿಟ್ಟು, “ಇದು ಇವನು ಬರೆಯುವಂಥದ್ದಲ್ಲ ಸರ್, ಯಾವುದೋ ಪುಸ್ತಕದಿಂದ ಎತ್ತಿದ್ದು” ಎಂದಿದ್ದ. ಯಾವ ಪುಸ್ತಕ ಎಂದರು. ಹುಡುಕಿ ಹೇಳುತ್ತೇನೆ ಎಂದ. ಹುಡುಕಲೂ ಇಲ್ಲ, ಹೇಳಲೂ ಇಲ್ಲ. ಹುಡುಗನನ್ನು ಒಂದು ವರ್ಷ ಹೊರಗೆ ಹಾಕಿದರು, ಅವನು ಮತ್ತೆ ಕಾಲೇಜಿನ ಕಡೆ ತಲೆಯಿಟ್ಟು ಮಲಗಲಿಲ್ಲ. ಹಾಳೆಗಳು ಮಾತ್ರ ಗಾದಿಲಿಂಗಪ್ಪನ ಕಪಾಟಿನಲ್ಲಿ ಉಳಿದವು. ನಿವೃತ್ತಿಯಾದ ಮೇಲೆ ಪುಸ್ತಕ ಬರೆಯಲು ಕೂತು ಗುರಾಣಿಯ ಹತ್ತಿರ ಬಂದಾಗ ಪೆನ್ನು ಒಂದು ವಾರ ನಿಂತಿತು. ಎಂಟನೆಯ ದಿನ ಅವನು ಕಪಾಟು ತೆರೆದ.

ತೆಕ್ಕಲಕೋಟೆ ದಾಟಿದ ಮೇಲೆ ಭತ್ತದ ಗದ್ದೆಗಳು ಬಂದವು. ಮೂಟೆ ಅಪ್ಪಿದ ಮುದುಕಿ ಅವನ ಭುಜದ ಮೇಲೆ ತೂಕಡಿಸುತ್ತಿದ್ದಳು, ಅವನು ಸರಿಯಲಿಲ್ಲ. ಆ ಕಾವ್ಯದ ಜನರಲ್ಲಿ ಒಂದು ಪದ್ಧತಿ ಇದೆ. ಬೇಡಲು ಬಂದವನು ನೆಲಕ್ಕೆ ಕೂತು ಎದುರಿನವನ ಮೊಣಕಾಲು ಅಪ್ಪಿಕೊಳ್ಳುತ್ತಾನೆ. ಹಾಗೆ ಅಪ್ಪಿದವನನ್ನು ಒದ್ದು ತಳ್ಳಿದರೆ ದೇವರಿಗೆ ಸಿಟ್ಟು. ಮಗನನ್ನು ಕೊಂದವನ ಮೊಣಕಾಲನ್ನೇ ಅಪ್ಪಿಕೊಂಡ ಮುದಿ ರಾಜನ ಭಾಗ ಪಾಠ ಮಾಡುವಾಗ ಗಾದಿಲಿಂಗಪ್ಪನ ಗಂಟಲು ಪ್ರತಿವರ್ಷ ಅದೇ ಜಾಗದಲ್ಲಿ ಕಟ್ಟುತ್ತಿತ್ತು, ಹಿಂದಿನ ಬೆಂಚಿನವರು ಮೊದಲೇ ಗಡಿಯಾರ ನೋಡಿಕೊಳ್ಳುತ್ತಿದ್ದರು. ಇನ್ನೊಂದು ಪದ್ಧತಿ, ಬಾಗಿಲಿಗೆ ಬಂದವರಿಗೆ ಮೊದಲು ನೀರು, ಆಮೇಲೆ ಊಟ, ಹೆಸರು ಕೇಳುವುದು ಆಮೇಲೆ. ಟಿಪ್ಪಣಿಯಲ್ಲಿ ಇದು ನಾಲ್ಕನೆಯ ಅಂಶ. ಹುಡುಗನನ್ನು ಹೊರಗೆ ಹಾಕಿದ ವಾರ, ಬಿರುಬಿಸಿಲಿನ ಒಂದು ಭಾನುವಾರ, ಸುಭಾನಸಾಬ ಮತ್ತು ಅವನ ಹೆಂಡತಿ ಕುಲ್ಸುಂಬೀ ಬಳ್ಳಾರಿಯ ಇವನ ಮನೆ ಹುಡುಕಿಕೊಂಡು ಬಂದಿದ್ದರು. ಗೇಟಿನ ಹತ್ತಿರವೇ ನಿಲ್ಲಿಸಿ ಮಾತಾಡಿದ. ಕುಲ್ಸುಂಬೀ ಮಾತು ನಿಲ್ಲಿಸಿ, ಬಗ್ಗಿ, ಅವನ ಕಾಲಿಗೆ ಕೈ ಹಾಕಿದಳು. ಅವನು ಕೆಂಡ ತುಳಿದವನಂತೆ ಹಿಂದೆ ಸರಿದು “ಇದೆಲ್ಲ ಇಲ್ಲಿ ಬೇಡ” ಎಂದ. ನೀರು ಬೇಕೇ ಎಂದು ಕೇಳಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಊರವರನ್ನೆಲ್ಲ ಹಂಗಿಸುತ್ತಿದ್ದ ಮನುಷ್ಯ ಇವನು.

ಹಳೆಯ ಪೇಟೆಯ ಓಣಿಯಲ್ಲಿ ಕಲಾಯಿ ಸುಭಾನಸಾಬನ ಮನೆ ಎಂದ ಕೂಡಲೇ ತೋರಿಸಿದರು. ಮೊದಲ ಕೋಣೆಯಲ್ಲಿ ಹೊರಸಿನ ಮೇಲೆ ಮುದುಕ ಕೂತಿದ್ದ, ಕಣ್ಣುಗಳು ಪೊರೆ ಬಂದು ಬೆಳ್ಳಗಾಗಿದ್ದವು. ಬಾಗಿಲಲ್ಲಿ ನೆರಳು ಬಿದ್ದದ್ದು ತಿಳಿದು, “ಯಾರ್ರಿ? ಬರ್ರಿ ಒಳಗ, ಕುಂದರ್ರಿ” ಎಂದ. ಒಳಗಿನಿಂದ ಕುಲ್ಸುಂಬೀ ಬಂದಳು. ಹೊಸ್ತಿಲ ಹತ್ತಿರ ನಿಂತು ಗಾದಿಲಿಂಗಪ್ಪನ ಮುಖವನ್ನು ಒಂದಿಷ್ಟು ಹೊತ್ತು ನೋಡಿದಳು. ಆಮೇಲೆ ಹಣೆಯ ವಿಭೂತಿ ನೋಡಿದಳು. ಸೆರಗು ಸರಿಮಾಡಿಕೊಂಡು ಹೋಗಿ ತಂಬಿಗೆ ತುಂಬ ನೀರು, ಒಂದು ತುಣುಕು ಬೆಲ್ಲ ತಂದಿಟ್ಟಳು.

“ನಾನು ಬಳ್ಳಾರಿಯಿಂದ...” ಎಂದು ಅವನು ಶುರುಮಾಡಿದ.

“ಮೊದಲ ನೀರು ಕುಡೀರಿ,” ಎಂದ ಸುಭಾನಸಾಬ. “ಬಿಸಲಾಗ ಬಂದೀರಿ. ಉಣ್ಣೋ ಹೊತ್ತಿಗೆ ಬಂದೀರಿ, ಉಂಡು ಮಾತಾಡಿದ್ರಾತು. ಮಾತೇನು ಓಡಿ ಹೊಕ್ಕಾವೇನು?”

ಕುಲ್ಸುಂಬೀ ಹಿತ್ತಲ ಬಾಗಿಲಿನಿಂದ ಹೊರಗೆ ಹೋದಳು. ಹೊರಗಡೆ ಫೋನಿನಲ್ಲಿ ಯಾರೊಂದಿಗೋ ಸಣ್ಣ ದನಿಯಲ್ಲಿ ಮಾತಾಡಿದ್ದು ಕೇಳಿಸಿತು. ಬರುವಾಗ ಮುಚ್ಚಿದ ತಾಟು ತಂದು ಅವನ ಮುಂದಿಟ್ಟಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. “ಬಾಜೂ ಮನಿ ಕೊಟ್ರಬಸಮ್ಮಾರು ಮಾಡಿದ್ದು. ಏನೂ ಸಂಶಯ ಇಲ್ಲದ ಉಣ್ರಿ,” ಎಂದಳು. ಒಳಗಿನಿಂದ ಅವರ ಮನೆಯ ಸಾರಿನ ವಾಸನೆ ಬರುತ್ತಿತ್ತು. ನಿಮ್ಮ ಮನೆಯದ್ದೇ ಕೊಡಿ, ಒಂದು ಹಿಡಿ ಅನ್ನ ಮಜ್ಜಿಗೆಯಾದರೂ ಸಾಕು ಎಂಬ ಮಾತು ಗಂಟಲಿನವರೆಗೆ ಬಂತು. ಬಂದದ್ದು ಅಲ್ಲೇ ಕೂತಿತು. ಎಷ್ಟು ವೇದಿಕೆಗಳಲ್ಲಿ ವಚನ ಹೇಳಿದ ಬಾಯಿ, ಆ ಹೊತ್ತಿಗೆ ಬೇರೆಯವರ ಮನೆಯ ರೊಟ್ಟಿಯನ್ನು ಸಮಾಧಾನದಿಂದ ಮುರಿಯಿತು. ರೊಟ್ಟಿ ಬಿಸಿಯಿತ್ತು, ರುಚಿಯಿತ್ತು, ನಾಚಿಕೆಯ ನಡುವೆಯೂ ಅವನು ಎರಡನೆಯದಕ್ಕೆ ಬೇಡವೆನ್ನಲಿಲ್ಲ. ಉಂಡು ಕೈ ತೊಳೆದ ಮೇಲೂ ಹೆಸರು ಹೇಳಲು ಧೈರ್ಯ ಬಾರದೆ, ಪುಸ್ತಕ ತೆಗೆದು, “ಯಜಮಾನರೇ, ಇದರಲ್ಲಿ ನಿಮ್ಮ ಕಸುಬಿನ ಮಾತು ಬರುತ್ತದೆ, ಓದಿ ತೋರಿಸಲೇ” ಎಂದ. ನೇರ ದಾರಿ ಇದ್ದಾಗಲೂ ಸುತ್ತು ಹಾಕುವುದು ಅವನ ಹಳೆಯ ರೋಗ.

ಮುದುಕನಿಗೆ ಖುಷಿಯಾಯಿತು. ಕಾಲು ಮೇಲೆತ್ತಿ ಕೂತು ಕಿವಿ ಈ ಕಡೆ ಕೊಟ್ಟ. ಗಾದಿಲಿಂಗಪ್ಪ ಓದಿದ. ತಿದಿ ಬಂದಾಗ ಮುದುಕನ ಪಾದ ತಾನಾಗಿಯೇ ಮೇಲೆ ಕೆಳಗೆ ಆಡಿತು. ಕಲಾಯಿಗೆ ಉದುರಿಸುವ ನವಸಾಗರದ ಪುಡಿಯ ಹೊಗೆ ಬಂದಾಗ ಮೂಗು ಅರಳಿತು. ಸಾಯುವವನಿಗೆ ಅಂತ ಕೆಲಸ ಕಳಪೆ ಮಾಡುವ ಹಾಗಿಲ್ಲ ಎಂಬಲ್ಲಿ “ಹ್ಞೂಂ” ಎಂದು ತಲೆಯಾಡಿಸಿದ. ಇನ್ನೇನು ಅಧ್ಯಾಯ ಮುಗಿಯಬೇಕು, ಬೆಂಕಿಯಲ್ಲಿ ಬೆಂದು ನೀರಿನಲ್ಲಿ ಮುಳುಗಿದ ತಾಮ್ರ ಕಲ್ಲಿನಷ್ಟು ಗಟ್ಟಿಯಾಯಿತು ಎಂದು ಓದಿದ್ದೇ, ಸುಭಾನಸಾಬ ಹೊರಸಿನ ಚೌಕಟ್ಟಿಗೆ ಕೈ ಬಡಿದ.

“ಏ, ತಡೀರಿ ತಡೀರಿ. ಇದು ಸುಳ್ಳು.”

“ಏನು ಸುಳ್ಳು?”

“ತಾಮ್ರ ಬೆಂಕ್ಯಾಗ ಹಾಕಿ ನೀರಾಗ ಅದ್ದಿದ್ರ ಮೆತ್ತಗ ಆಗತೈತ್ರೀ, ಗಟ್ಟಿ ಆಗಾದಿಲ್ಲ. ಕಬ್ಬಿಣಾನ ಆ ರೀತಿ ಗಟ್ಟಿ ಆಗೋದು. ತಾಮ್ರ, ಹಿತ್ತಾಳಿ ಗಟ್ಟಿ ಆಗಬೇಕಂದ್ರ ತಣ್ಣಗಿದ್ದಾಗ ಬಡೀಬೇಕು. ನನ್ನ ಮಗ ಏಳು ವರ್ಷದವ ಇದ್ದಾಗಿಂದ ಬಲ್ಲ ಇದನ್ನ.” ಮುದುಕ ದನಿ ಇಳಿಸಿ ಹೇಳಿದ, “ಉಳದಿದ್ದು ಎಲ್ಲಾ ನಮ್ಮ ಮನಿ ಮಾತೈತಿ. ಸಾಯೋ ಮನಿಶ್ಯಾಗ ಅಂತ ಕೆಲಸ ಕಳಪಿ ಮಾಡಬಾರದು ಅನ್ನೋದು ನಮ್ಮಪ್ಪ ಅಂತಿದ್ದ, ನಾ ನನ್ನ ಮಗಗ ಅಂತಿದ್ದೆ. ನಿಮ್ಮ ಪುಸ್ತಕಕ್ಕ ಅದು ಹ್ಯಾಂಗ ಬಂತ್ರಿ?”

ಗಾದಿಲಿಂಗಪ್ಪನಿಗೆ ಪುಟದ ಅಕ್ಷರಗಳು ಕಾಣಲಿಲ್ಲ. ಇಷ್ಟು ವರ್ಷ ಒಳಗೊಳಗೇ ಒಂದು ಸಮಾಧಾನ ಇಟ್ಟುಕೊಂಡಿದ್ದ, ಕೊನೆಯ ಆ ಒಂದು ಸಾಲಾದರೂ ನನ್ನದು, ಅದರಿಂದಲೇ ಬರಹಕ್ಕೆ ಕಳೆ ಬಂದದ್ದು ಎಂದು. ಕಣ್ಣು ಕಾಣದ ಮುದುಕ ನೂರು ಸಾಲಿನಲ್ಲಿ ಆ ಒಂದನ್ನೇ ಅನ್ನದಲ್ಲಿನ ಕಲ್ಲಿನಂತೆ ಆರಿಸಿ ತೆಗೆದಿದ್ದ.

ಹೊರಗೆ ಬೈಕು ನಿಂತಿತು. ಒಳಗೆ ಬಂದವನಿಗೆ ನಲವತ್ತು ದಾಟಿತ್ತು, ಅಕ್ಕಿ ಗಿರಣಿಗಳಿಗೆ ತಗಡಿನ ಕೊಳವೆ ಮಾಡಿಕೊಡುವ ಅಂಗಡಿಯವನು, ಅಂಗಿಯ ಮೇಲೆ ಬೆಸುಗೆಯ ಕಿಡಿ ಸುಟ್ಟ ತೂತುಗಳು. ಸಲಾವುದ್ದೀನ್ ಗಾದಿಲಿಂಗಪ್ಪನನ್ನು ನೋಡಿ ಆಶ್ಚರ್ಯಪಡಲಿಲ್ಲ. “ನಮಸ್ಕಾರ ಸರ್,” ಎಂದ. “ಅಮ್ಮ ಫೋನ್ ಮಾಡಿದ್ಲು. ಬಾಗಲಾಗ ನಿಂತಾಗನ ಗುರ್ತು ಹಿಡದಾಳ. ‘ಅವರು ಬಂದಾರ, ಉಣ್ಣಾಕ ಕೊಡಾಕ್ಹತ್ತೀನಿ, ನೀನು ಸಾವಕಾಶ ಬಾ’ ಅಂದ್ಲು.”

“ಯಾರಲೇ ಅವರು?” ಎಂದ ಸುಭಾನಸಾಬ.

“ನನ್ನ ಕಾಲೇಜಿನ ಕನ್ನಡ ಸರ್, ಅಬ್ಬಾ.”

ಮುದುಕನ ಪಾದ ಆಡುವುದು ನಿಂತಿತು. ಗಾದಿಲಿಂಗಪ್ಪ ಆಗ ಹೇಳಿದ. ಬಸ್ಸಿನಲ್ಲಿ ತಿದ್ದಿದ್ದ ವಾಕ್ಯ ಒಂದೂ ನೆರವಿಗೆ ಬರಲಿಲ್ಲ. ಹಾಳೆ ಕಪಾಟಿನಲ್ಲಿಟ್ಟಿದ್ದೆ, ಅದನ್ನೇ ಪುಸ್ತಕದಲ್ಲಿ ಹಾಕಿದೆ, ಕುರುಗೋಡಿನಲ್ಲಿ ಶಾಲು ಹೊದಿಸಿದರು, ಈಗ ಪಠ್ಯ ಮಾಡುತ್ತಾರಂತೆ, ನಾಳೆ ಸಹಿ ಮಾಡಬೇಕು ಎಂದು ಹಿಂದುಮುಂದಾಗಿ ಹೇಳಿದ. ಅಂದು ಅದು ನಿನ್ನದೇ ಎಂದು ನನಗೆ ಗೊತ್ತಿತ್ತು ಎಂಬುದನ್ನೂ ಹೇಳಿದ. ಅದನ್ನು ಹೇಳುವೆನೆಂದು ಅವನೇ ಎಣಿಸಿರಲಿಲ್ಲ. ಸಲಾವುದ್ದೀನ್ ಪುಸ್ತಕ ತೆಗೆದುಕೊಂಡು ಎರಡು ಪುಟ ಓದಿ, ಮುಚ್ಚಿ, ಮೊಣಕಾಲ ಮೇಲಿಟ್ಟುಕೊಂಡ.

“ನಾ ಇದನ್ನ ಬರದಿದ್ದು ನನಗ ನೆನಪೇ ಇಲ್ಲ ಸರ್,” ಎಂದ. “ಆ ಪ್ರಿನ್ಸಿಪಾಲರ ರೂಮಿನಾಗ ನೀವು ಹೇಳಿದಂಗ ಬರದು ಸಹಿ ಹಾಕಿದ್ದು ನೆನಪೈತಿ. ‘ಈ ಉತ್ತರ ನನ್ನದಲ್ಲ.’ ಬರಕೊಟ್ರ ಒಂದು ವರ್ಷಕ್ಕ ಮುಗೀತೈತಿ, ಇಲ್ಲಂದ್ರ ಕಾಲೇಜಿನಿಂದ ಪೂರಾ ತಗೀತಾರ ಅಂದ್ರಿ. ಬರದೆ. ಆಮ್ಯಾಲ ಪೆನ್ನು ಹಿಡದ್ರ ಸಾಕು, ಇದೂ ನನ್ನದಲ್ಲ ಅನಸ್ತಿತ್ತು. ಹಿಂಗಾಗಿ ತಗಡು ಹಿಡದೆ.”

ಗಾದಿಲಿಂಗಪ್ಪ ಅರ್ಜಿ ತೆಗೆದು ಬಿಡಿಸಿದ. “ಇದರಲ್ಲಿ ನಿನ್ನ ಹೆಸರು ಬರೆಯುತ್ತೇನೆ. ಸಮಿತಿಗೆ ಎಲ್ಲವನ್ನೂ ಬರೆದು ತಿಳಿಸುತ್ತೇನೆ.”

“ನನ್ನ ಹೆಸರು ಬ್ಯಾಡ. ಮಾತು ಅಬ್ಬಾನವು, ಅಬ್ಬಾನ ಹೆಸರು ಹಾಕ್ರಿ.”

“ನನ್ನ ಹೆಸರಾ?” ಸುಭಾನಸಾಬ ಗಲ್ಲ ಕೆರೆದುಕೊಂಡು ಯೋಚಿಸಿದ. “ಹಾಕ್ರಿ. ಆದ್ರ ಮೊದಲ ಆ ತಾಮ್ರ ಗಟ್ಟಿ ಆಗೋ ಮಾತು ಹೊಡದು ಹಾಕ್ರಿ. ನಾ ಎಪ್ಪತ್ತು ಹಳ್ಳ್ಯಾಗ ಕೆಲಸ ಮಾಡೀನಿ. ಓದಿದ ಮಂದಿ ನೋಡಿ, ಈ ಸಾಬಗ ಕಸಬು ಗೊತ್ತಿಲ್ಲ ಅನ್ನಬಾರದು.”

ಗಾದಿಲಿಂಗಪ್ಪ ಪೆನ್ನು ತೆಗೆದ. ಗಣ್ಯರು ತಲೆದೂಗಿದ ಸಾಲಿನ ಮೇಲೆ ಒಂದು ಗೆರೆ ಎಳೆದ. ಪೂರಾ ಹೊಡೆದಿರಾ ಎಂದು ಮುದುಕ ಕೇಳಿದ. ಇನ್ನೊಂದು ಗೆರೆ ಎಳೆದ. ಅರ್ಜಿಯಲ್ಲಿ ಬರೆದವರ ಹೆಸರು ಎಂಬಲ್ಲಿ ಸುಭಾನಸಾಬ, ಕಲಾಯಿ ಕೆಲಸ, ಸಿರುಗುಪ್ಪ ಎಂದು ತುಂಬಿ ಗಟ್ಟಿಯಾಗಿ ಓದಿದ. ಕುಲ್ಸುಂಬೀ ಕಣ್ಣಿಗೆ ಸೆರಗು ಒತ್ತಿಕೊಂಡಳು. ನಾಳೆ ಇದು ಬಳ್ಳಾರಿಯಲ್ಲಿ ಎಷ್ಟು ಬಾಯಿಗೆ ಬೀಳುತ್ತದೆ, ಯರ್ರಿಸ್ವಾಮಿ ಏನನ್ನುತ್ತಾನೆ, ಚನ್ನವೀರಮ್ಮ ಯಾವ ಮುಖದಲ್ಲಿ ಬಾಗಿಲು ತೆರೆಯುತ್ತಾಳೆ ಎಂಬುದೆಲ್ಲ ಗಾದಿಲಿಂಗಪ್ಪನ ತಲೆಯಲ್ಲಿ ಹಾದುಹೋಯಿತು, ಆದರೆ ಅದು ಅಷ್ಟು ಭಯ ಹುಟ್ಟಿಸಲಿಲ್ಲ. ಬಂದ ಕೆಲಸ ಇನ್ನೂ ಆಗಿರಲಿಲ್ಲ. ಕ್ಷಮೆ ಈಗಲೇ ಕೇಳಿಬಿಡಬೇಕು. ಅವನು ಎದ್ದ. ಸಲಾವುದ್ದೀನನೂ ಎದ್ದ. ಬಾಗಿಲವರೆಗೆ ಬಂದ ಮೇಲೆ ಗಾದಿಲಿಂಗಪ್ಪ ತಿರುಗಿ, ಗೋಡೆಗೆ ಒಂದು ಕೈ ಕೊಟ್ಟು, ನೋಯುವ ಮಂಡಿಗಳನ್ನು ಮಡಿಸಿ ಬಗ್ಗತೊಡಗಿದ. ಅರ್ಧ ಬಗ್ಗಿದ್ದ.

“ಸರ್, ಬ್ಯಾಡ್ರಿ.” ಸಲಾವುದ್ದೀನ್ ಅವನ ತೋಳು ಹಿಡಿದ. ದನಿಯಲ್ಲಿ ಸಿಟ್ಟಿರಲಿಲ್ಲ. “ಮಾಫಿ ಕೇಳಬ್ಯಾಡ್ರಿ. ನಮ್ಮ ಮನಿಗೆ ಬಂದು ಬಗ್ಗಿ ಕೇಳಿದ್ರ ಇಲ್ಲ ಅನ್ನಾಕ ಬರಾದಿಲ್ಲ ನಮಗ, ಕೊಡಬೇಕಾಗತೈತಿ. ನನಗ ಕೊಡೋ ಮನಸ್ಸಿಲ್ರಿ ಇನ್ನೂ.”

ಗಾದಿಲಿಂಗಪ್ಪ ಬಗ್ಗಿದಲ್ಲೇ ಉಳಿದ. ಪೂರ್ತಿ ಕೂರುವ ಹಾಗಿಲ್ಲ, ಏಳಲು ಮಂಡಿ ಬಾರದು. ಚಪ್ಪಲಿ ಹುಡುಕುತ್ತಿರುವವನಂತೆ ಸುಮ್ಮನೆ ನೆಲದ ಮೇಲೆ ಕೈಯಾಡಿಸಿದ. ಸಲಾವುದ್ದೀನ್ ಮೂಲೆಯಲ್ಲಿದ್ದ ಅವನ ಚಪ್ಪಲಿಗಳನ್ನು ಕೈಯಿಂದಲೇ ಎತ್ತಿ ತಂದು, ಗುರುಗಳಿಗೆ ಇಡುವಂತೆ ಜೋಡಿಸಿ, ಪಾದದ ಮುಂದಿಟ್ಟ.